ಮೇಲಿನ ಹುಲ್ಲುಗಾವಲಿಗೆ ಹೊರಡುವ ಮುನ್ನ

ಬಿಷ್ಕೆಕ್
ಮೇ ೨೬

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಹಳ್ಳದಿಂದ ನೀರು ತರುವಾಗ ಈಗಲೂ ನಡುವೆ ನಿಂತು ಏದುಸಿರು ಬಿಡುತ್ತೀರಾ? "ಚೆನ್ನಾಗಿದ್ದೀನಿ ಬಿಡೇ" ಅನ್ನಬೇಡಿ, ನಿಜ ಹೇಳಿ. ಅಮ್ಮನ ಮಂಡಿನೋವು ಹೇಗಿದೆ?

ಭಾನುವಾರ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೊರಡುತ್ತೀರಂತೆ, ಎಸೆನ್‌ಬೆಕ್ ಮಾವ ಹೇಳಿದರು. ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಹೋದ ವರ್ಷ ಅಲ್ಲಿ ನಿಮ್ಮ ತುಟಿ ನೀಲಿಗಟ್ಟಿತು. ಅಮ್ಮ ಕುರಿ ಕಡಿಸಿ, ಅದರ ಬಿಸಿ ಶ್ವಾಸಕೋಶದಿಂದ ನಿಮ್ಮ ಬೆನ್ನಿಗೆ ಬಡಿದು ಪೀಡೆ ಬಿಡಿಸಿದಳು, ಆಮೇಲೆ ಕೆಳಗೆ ಕರೆತಂದಳು. ಗುಣ ಮಾಡಿದ್ದು ಕುರಿಯಲ್ಲ, ಕೆಳಗಿನ ಗಾಳಿ ಅಂತ ನಾನು ಅಂದದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಇಲ್ಲಿ ಪ್ರಯೋಗಾಲಯದಲ್ಲಿ ನನ್ನ ಕೆಲಸವೂ ಕುರಿಯ ಶ್ವಾಸಕೋಶದ್ದೇ. "ಅದನ್ನ ಕತ್ತರಿಸೋಕೆ ಇಷ್ಟು ವರ್ಷ ಓದ್ಬೇಕಿತ್ತೇನೇ? ನಮ್ಮ ಕಟುಕ ಒಂದು ಗಳಿಗೇಲಿ ಕತ್ತರಿಸ್ತಾನೆ" ಅಂತ ಛೇಡಿಸುತ್ತೀರಲ್ಲ! ಅದರ ರಕ್ತನಾಳದ ಉಂಗುರದಂಥ ತುಂಡನ್ನು ತಂತಿಗೆ ಸಿಕ್ಕಿಸಿ ನೋಡುತ್ತೇನೆ. ನಾಳದ ಸ್ನಾಯುವಿನ ಪ್ರತಿ ಜೀವಕೋಶಕ್ಕೂ ಸಣ್ಣ ಬಾಗಿಲುಗಳಿವೆ. ಪೊಟ್ಯಾಸಿಯಂ ಹೊರಹೋಗುವ ಬಾಗಿಲು ತೆರೆದಿದ್ದರೆ ಸ್ನಾಯು ಸಡಿಲವಾಗಿರುತ್ತದೆ. ಗಾಳಿ ತೆಳುವಾದರೆ ಅದು ಮುಚ್ಚಿ, ಕ್ಯಾಲ್ಸಿಯಂ ಒಳನುಗ್ಗಿ, ನಾಳ ಬಿಗಿಯುತ್ತದೆ, ಹೃದಯ ಒದ್ದಾಡುತ್ತದೆ. ಬಾಗಿಲು ತೆರೆಯಲು ನಾಳದ ಒಳಪದರ ಸುದ್ದಿ ಕಳಿಸುತ್ತದೆ, ಅದು ಕೋಶದೊಳಗೆ ಕೈಯಿಂದ ಕೈಗೆ ದಾಟಿ ಹೋಗಬೇಕು. ಮಾರ್ಚ್‌ನಲ್ಲಿ ನಿಮ್ಮನ್ನು ಡಾಕ್ಟರಿಗೆ ತೋರಿಸಿ ನಾನು ಬರೆಸಿಕೊಟ್ಟ ಮಾತ್ರೆ ಆ ಸುದ್ದಿ ದಾರಿಯಲ್ಲೇ ಅಳಿಯದಂತೆ ಕಾಯುತ್ತದೆ. ನಿನ್ನೆ ಗಾಳಿ ತೆಳುಮಾಡಿ ನೋಡಿದೆ. ಅದೇ ಔಷಧಿ ಹಾಕಿದ ಉಂಗುರ ಮೆಲ್ಲಗೆ ಸಡಿಲವಾಯಿತು. ಹಾಕದ್ದು ಮುಷ್ಟಿ ಕಟ್ಟಿದಂತೆ ಹಾಗೇ ಉಳಿಯಿತು. ಅದನ್ನು ನೋಡುತ್ತ ನನಗೆ ಅಳು ಬಂತು.

ಔಷಧಿ ಅಂಗಡಿಯವನು ಚೀಟಿ ನೋಡಿ "ಏನ್ ಯಜಮಾನ್ರೇ, ಎಳೇ ಹೆಂಡ್ತಿ ತಂದ್ರಾ?" ಅಂದನಂತೆ. ನೀವು ನಾಚಿಕೊಂಡು ಮಾತ್ರೆಯನ್ನೇ ಬಿಟ್ಟಿರಂತೆ. "ಏನೂ ಇಲ್ಲ ಅಂತ ನನ್ನ ಮಗಳೇ ಅಂದ್ಮೇಲೆ ಮಾತ್ರೆ ಯಾಕೆ?" ಅಂತ ಮಾವನಿಗೆ ಅಂದಿರಂತೆ. ಗಂಡಸುತನಕ್ಕೆ ಅಂತ ನುಂಗುವುದೂ ಇದೇ ಮಾತ್ರೆ, ನಿಜ, ಆದರೆ ನಿಮಗೆ ಬರೆಸಿದ್ದು ಎದೆಗೆ; ಅಂಗಡಿಯವನ ಬಾಯಿಗೆ ಬೀಗ ಬೀಳಲಿ. ಆದರೆ ನಿಮ್ಮ ಮಾತು ನನ್ನನ್ನು ಸುಡುತ್ತಿದೆ.

ಅಮ್ಮನಿಗೆ ಮುತ್ತು. ಅಂಗೈ ತೆರೆದು ನನ್ನನ್ನು ಹರಸಿ.

ನಿಮ್ಮ ಮಗಳು,
ಬುರುಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಈ ಕಾಗದ ನಿಮಗೆ ತಲುಪಿಸಲು ಹೊರಟ ಮಾವ ಹೊರಗೆ ಹಾರನ್ ಹೊಡೆಯುತ್ತಿದ್ದಾರೆ. ಮಾರ್ಚ್‌ನಲ್ಲಿ ಡಾಕ್ಟರು ನಿಮ್ಮನ್ನು ಹೊರಗೆ ಕೂರಿಸಿ ನನಗೊಬ್ಬಳಿಗೇ ಹೇಳಿದರು: ಇನ್ನೊಂದು ಬೇಸಿಗೆಯನ್ನು ಮೇಲಿನ ಹುಲ್ಲುಗಾವಲಿನಲ್ಲಿ ಕಳೆದರೆ ಈ ಹೃದಯ ತಡೆಯುವುದಿಲ್ಲ. ರೋಗಿಗೆ ಹೇಳಬಾರದು, ಎದೆಗುಂದುತ್ತಾರೆ ಅನ್ನುವ ನಮ್ಮವರ ಪದ್ಧತಿ ಹಿಡಿದು ನಾನು "ಏನೂ ಇಲ್ಲಪ್ಪಾ" ಅಂದುಬಿಟ್ಟೆ. ತಪ್ಪು ನನ್ನದು. ಬೈಯಿರಿ, ಆದರೆ ಮಾವನ ಗಾಡಿಯಲ್ಲೇ ಇಲ್ಲಿಗೆ ಬನ್ನಿ. ನನ್ನ ಕೆಲಸಕ್ಕೆ ರಜೆ ಅರ್ಜಿ ಬರೆದುಕೊಟ್ಟಿದ್ದೇನೆ. ಈ ಬೇಸಿಗೆ ಕುರಿಗಳನ್ನು ಮೇಲಕ್ಕೆ ನಾನು ಒಯ್ಯುತ್ತೇನೆ.