ಬಟನ್ ಸಿಕ್ಕಿದ ಜಾಗ

ಮಾರ್ಚ್ 5, ಬುಧವಾರ. ಸಂಜೆ 7

ಬೂದಿ ಬುಧವಾರ. ಚರ್ಚಿನಿಂದ ಬಂದು ಹಣೆಯ ಬೂದಿ ಹಾಗೇ ಇಟ್ಟುಕೊಂಡು ಗಂಜಿ ಬೇಯಿಸಿದೆ, ಚಟ್ನಿ ಅರೆದೆ. ಇವರು ಬಾಲ್ಕನಿಯಲ್ಲಿ ಮೆಷಿನಿಗೆ ಬ್ಯಾಟರಿ ಹಾಕುತ್ತಾ ಇದ್ದರು. ಮಣ್ಣಿನಡಿ ಲೋಹ ಇದ್ದರೆ ಕೂಗುವ ಮೆಷಿನ್. ಎರಡು ವರ್ಷದಿಂದ ರಜೆ ಸಿಕ್ಕಿದಾಗೆಲ್ಲ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡುವುದು, ಹಳೇ ಕಾಲದ ಸಿಪಾಯಿಗಳ ಕೋಟಿನ ಬಟನ್ ಹುಡುಕಲಿಕ್ಕೆ. ಈವರೆಗೆ ಸಿಕ್ಕಿದ್ದು ಟ್ಯೂನಾ ಡಬ್ಬ, ಪೆಪ್ಸಿ ಮುಚ್ಚಳ, ಮೊಳೆ, ಒಂದು ಕತ್ತೆಯ ಲಾಳ. ಲಾಳವನ್ನು ಮೇರಿ ಮಾತೆಯ ಫೋಟೋದ ಪಕ್ಕ ಇಡಲು ಬಂದಿದ್ದರು. ನಾನು ಬಿಡಲಿಲ್ಲ. ಈಗ ಟಿವಿ ಪಕ್ಕ ಉಂಟು.

ಈಸ್ಟರಿಗೆ ಮೊದಲಿನ ನಲವತ್ತು ದಿನದ ತಪಸ್ಸಿನ ಕಾಲಕ್ಕೆ ಇವರು ಬಿಸ್ಕಿಟ್ ಬಿಟ್ಟಿದ್ದಾರಂತೆ. ಮಂಗಳೂರಿಗೆಲ್ಲ ಫೋನ್ ಮಾಡಿ ಹೇಳಿ ಆಯಿತು. ನಾನು ಬಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ. ಪಾಪನಿವೇದನೆಯಲ್ಲಿ ಫಾದರ್ ಅಂದಿದ್ದರು, ಕೋಳಿ ಬಿಡುವುದು ಸುಲಭ, ಕಷ್ಟದ್ದು ಬಿಡಿ ಅಂತ. ನನಗೆ ಕಷ್ಟದ್ದು ಒಂದೇ. ಈಸ್ಟರ್ ತನಕ ಗಂಡನಿಗೆ ಎದುರು ಮಾತಿಲ್ಲ. ತಿದ್ದುವುದಿಲ್ಲ. ಸಂತ ಅಂತೋಣಿಯವರ ಎದುರು ಹರಕೆ ಹೇಳಿ ಆಯಿತು.

ಬಾಯಿಗೆ ಬಂದದ್ದು ಎಲ್ಲಿಗಾದರೂ ಹೋಗಬೇಕಲ್ಲ... ಹಾಗಾಗಿ ಈ ನೋಟ್‌ಬುಕ್, ಮಗಳು ಹೇಝಲ್‌ನ ಕಾಲೇಜಿನದ್ದು. ಅಡಗಿಸಿಡುವ ಕೆಲಸ ಇಲ್ಲ. ಇವರು ಬೊಂಬಾಯಿಯಲ್ಲಿ ಕಲಿತವರು, ಕನ್ನಡ ಅಕ್ಷರ ಬರುವುದಿಲ್ಲ. ಮಗಳಿಗೆ ಇಂಗ್ಲಿಷೇ ಎಲ್ಲ. ನಾನು ಊರ ಕನ್ನಡ ಶಾಲೆ, ಏಳನೇ ಕ್ಲಾಸ್. ಅದರ ಉಪಯೋಗ ಐವತ್ತನೇ ವಯಸ್ಸಿನಲ್ಲಿ ಈ ಗಲ್ಫಿನ ಅಲ್ ಹೈಲಿನ ಫ್ಲಾಟಿನಲ್ಲಿ ಗೊತ್ತಾಯಿತು.

ಮಾರ್ಚ್ 8, ಶನಿವಾರ

ಮೂರು ದಿನ. ಸಾರಿಗೆ ಉಪ್ಪು ಹೆಚ್ಚು ಅಂದರು. ಹೆಚ್ಚಿರಲಿಲ್ಲ. ಹೌದು ಅಂದೆ. ಬರ್ಕಾಕ್ಕೆ ಇದೇ ದಾರಿ ಅಂದರು. ಅಲ್ಲ. ಹೌದು ಅಂದೆ. ಇಪ್ಪತ್ತು ಕಿಲೋಮೀಟರ್ ಮುಂದೆ ಹೋಗಿ ತಿರುಗಿ ಬಂದೆವು. ಎರಡು ಜಪಸರ ಮುಗಿಯಿತು. ದೇವರ ಕೆಲಸವೇ ಆಯಿತು.

ಮಾರ್ಚ್ 14, ಶುಕ್ರವಾರ. ಸಂಜೆ 5

ಇವತ್ತಿನದ್ದು ಸರಿಯಾಗಿ ಬರೆಯಬೇಕು.

ಬರ್ಕಾದ ಆಚೆ ಖಲ್ಫಾನ್ ಸಾಹೇಬರ ಹಳೇ ತೋಟ. ಸಾಹೇಬರು ಮೊದಲು ಇವರ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಆಗಿದ್ದವರು. ಖರ್ಜೂರದ ಮರ, ಬಿದ್ದ ಮಣ್ಣಿನ ಗೋಡೆ, ಆ ತುದಿಯಲ್ಲಿ ಬಾವಿ. ಬಾವಿಯ ಹತ್ತಿರ ಸಾಹೇಬರ ಅಪ್ಪ ನೆಟ್ಟ ಮೂರು ನಿಂಬೆಗಿಡ. ವರ್ಷಕ್ಕೊಂದು ಚೀಲ ನಿಂಬೆ ಅಲ್ಲಿಂದ ನಮಗೆ ಬರುತ್ತದೆ, ಒಂದು ಭರಣಿ ಉಪ್ಪಿನಕಾಯಿ ನಮ್ಮಿಂದ ಅಲ್ಲಿಗೆ ಹೋಗುತ್ತದೆ. ಹುಡುಕಲಿಕ್ಕೆ ಸಾಹೇಬರೇ ಹಳೇ ವಸ್ತುಗಳನ್ನು ನೋಡಿಕೊಳ್ಳುವ ಸರಕಾರಿ ಇಲಾಖೆಯಿಂದ ಕಾಗದ ಮಾಡಿಸಿ ಕೊಟ್ಟದ್ದು, ಸಿಕ್ಕಿದ್ದನ್ನು ಇಲಾಖೆಗೆ ಕೊಡಬೇಕು. ಆ ಕಾಗದ ಕಣ್ಣಲ್ಲಿ ನೋಡಿದ ಮೇಲೆಯೇ ನಾನು ಕಾರು ಹತ್ತಿದ್ದು. ಇನ್ನೊಬ್ಬರ ಮಣ್ಣಿನಲ್ಲಿದ್ದದ್ದು ನಮ್ಮದಲ್ಲ.

ರಂಜಾನ್ ತಿಂಗಳು. ಹೊರಗೆ ನಿಂತು ನೀರು ಸಹ ಕುಡಿಯುವ ಹಾಗಿಲ್ಲ. ಹತ್ತೂವರೆಗೆ ಇವರು ಸೊಂಟ ನೋವು ಅಂತ ಮೆಷಿನ್ ನನ್ನ ಕೈಗೆ ಕೊಟ್ಟು ಕಾರಿನೊಳಗೆ ಹೋದರು. ಗಾಜಿಗೆ ಟವೆಲ್ ಸಿಕ್ಕಿಸಿದರು. ಸೊಂಟ ನೋವಿಗೆ ಪ್ಯಾಕೆಟ್ ಹರಿಯುವ ಶಬ್ದ ಬರುವುದನ್ನು ಇವತ್ತೇ ಕೇಳಿದ್ದು. ಕ್ರೀಮ್ ಬಿಸ್ಕಿಟ್. ಅದೂ ತಪಸ್ಸಿನ ಕಾಲದ ಶುಕ್ರವಾರ.

ನಾನು ಗೋಡೆ ಬದಿಯಲ್ಲಿ ಮೆಷಿನ್ ಆಡಿಸಿದೆ. ಕೂಗಿತು. ಇವರಿಗೆ ಸ್ಕ್ರೀನ್ ಬೇಕು, ನನಗೆ ಕಿವಿ ಸಾಕು. ಹಲಸಿನಕಾಯಿ ಬಡಿದು ಬೆಳೆದದ್ದೋ ಎಳೆಯದೋ ಹೇಳುವವಳು ನಾನು. ಕೇಳಿದ ಕೂಡಲೇ ಗೊತ್ತಾಯಿತು, ಇದು ಡಬ್ಬ ಮುಚ್ಚಳ ಅಲ್ಲ, ಬೇರೆಯೇ. ಕೆರೆದೆ. ನಾಲ್ಕು ಬೆರಳು ಕೆಳಗೆ ಇತ್ತು. ಹಸಿರು ಹಿಡಿದ ಹಿತ್ತಾಳೆ ಬಟನ್. ಮೇಲೆ ಕಿರೀಟ, ಅದರ ಕೆಳಗೆ ಒಂದು ಅಂಕಿ, ಹಿಂದೆ ಕೊಕ್ಕೆ. ಕಳೆದದ್ದನ್ನು ಹುಡುಕಿ ಕೊಡುವ ಸಂತ ಅಂತೋಣಿಯವರೇ, ನಿಮಗೆ ಸ್ತೋತ್ರ.

ಇವರು ತುಟಿ ಒರೆಸುತ್ತಾ ಓಡಿ ಬಂದರು. ಹುಣಸೆಹುಳಿ ಹಾಕಿ ತಿಕ್ಕಿದರೆ ಹೊಳೆಯುತ್ತದೆ ಅಂದೆ. ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದರು. ಮದುವೆಯ ದಿನ ನನ್ನನ್ನೂ ಹಾಗೆ ಹಿಡಿದವರಲ್ಲ.

ಮಾರ್ಚ್ 15, ಶನಿವಾರ

ಅಲ್ ಖೌದ್‌ನಿಂದ ಆಸ್ವಾಲ್ಡ್ ಬಾಬ್ ಬಂದರು. ಹಿರಿಯರು, ಹಾಗಾಗಿ ಬಾಬ್. ಇವರ ಹುಡುಕಾಟದ ಗುಂಪಿಗೆ ಅವರೇ ಗುರು. ಭೂತಗನ್ನಡಿ ಹಿಡಿದು ಕಾಲು ಗಂಟೆ ನೋಡಿದರು, ಉಸಿರು ಸಹ ಬಿಡಲಿಲ್ಲ. ಯಾವುದೋ ಪಲ್ಟನ್ನಿನದ್ದು, ನೂರೈವತ್ತು ವರ್ಷವಾದರೂ ಆಗಿರಬೇಕು, ಇಲಾಖೆಯವರು ನೋಡಿ ಹೇಳಲಿ ಅಂದರು. ತಿಕ್ಕಲಿಕ್ಕೆ ಇಲ್ಲ ಅಂತ ನನಗೆ ಬೇರೆಯಾಗಿ ಎಚ್ಚರಿಕೆ ಕೊಟ್ಟರು. ಆಮೇಲೆ ಇವರ ಬೆನ್ನು ತಟ್ಟಿದರು. ‘ಕಡೆಗೂ ಹುಡುಕಿದಿಯಲ್ಲ ಸ್ಟ್ಯಾನ್ಲಿ.’

ಇವರು ನನ್ನನ್ನು ನೋಡಿದರು. ನಾನು ತಿದ್ದುತ್ತೇನೆ ಅಂತ ಸ್ವಲ್ಪ ಹೊತ್ತು ಕಾದರು. ನಾನು ಚಾ ಸೋಸಿದೆ.

‘ಬಾವಿಯ ಹತ್ತಿರ,’ ಅಂದರು. ‘ಅರ್ಧ ಅಡಿ ಕೆಳಗೆ.’

ನಾಲಿಗೆ ಕಚ್ಚಿಕೊಂಡೆ. ಮಾತಿಗಲ್ಲ, ನಿಜವಾಗಿ. ಈಗಲೂ ಉರಿಯುತ್ತದೆ.

ಮಾರ್ಚ್ 22, ಶನಿವಾರ

ಅರ್ಧ ಅಡಿ ಸೋಮವಾರಕ್ಕೆ ಒಂದು ಅಡಿ ಆಯಿತು. ನಿನ್ನೆ ಪೂಜೆ ಬಿಟ್ಟ ಮೇಲೆ ಚರ್ಚಿನ ಅಂಗಳದಲ್ಲಿ ಒಂದೂವರೆ. ಮೊಣಕಾಲೂರಿ ಒಂದು ಗಂಟೆ ಅಗೆದರಂತೆ. ಮೊಣಕಾಲು ಊರಲಿಕ್ಕೆ ಆಗುವುದಾದರೆ ಪೂಜೆಯಲ್ಲಿ ಯಾಕೆ ಆಗುವುದಿಲ್ಲ ಅಂತ — ಇಲ್ಲ, ಇಲ್ಲೇ ಬರೆದು ಮುಗಿಸುತ್ತೇನೆ.

ಚರ್ಚಿನ ಗೆಳತಿ ಕ್ಯಾರೋಲಿನ್ ಕೇಳಿದಳು, ರೋಸ್, ನೀನೂ ಜೊತೆಗಿದ್ದಿಯಾ? ಇದ್ದೆ ಅಂದೆ. ಎಂತ ಮಾಡುತ್ತಿದ್ದಿ? ಜಪ ಮಾಡುತ್ತಿದ್ದೆ ಅಂದೆ. ಅದು ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ. ಇದೂ ನನ್ನ ಲೆಕ್ಕಕ್ಕೆ.

ಮಾರ್ಚ್ 27, ಗುರುವಾರ

ಇವರಿಗೆ ಹೆದರಿಕೆ ಹಿಡಿದಿದೆ. ‘ನೀನು ಯಾಕೆ ಎಲ್ಲದಕ್ಕೂ ಹೌದು ಅನ್ನುವುದು?’ ಅಂತ ಕೇಳಿದರು. ‘ಹೌದಲ್ಲ,’ ಅಂದೆ. ಮುಖ ಬಿಳಿಚಿಕೊಂಡಿತು. ಹೇಝಲ್ ರಿಸೆಪ್ಷನಿನಲ್ಲಿರುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ‘ಮಮ್ಮಿ, ಆರ್ ಯೂ ಓಕೆ?’ ಅಂತ ಅವಳೂ ಶುರು ಮಾಡಿದಳು. ಬಿಪಿ, ಶುಗರ್, ಥೈರಾಯ್ಡ್. ಎಲ್ಲ ನಾರ್ಮಲ್. ಬಿಪಿ ಹೋದ ವರ್ಷಕ್ಕಿಂತ ಕಡಿಮೆ. ಮನೆಯಲ್ಲಿ ಏನು ಬದಲಾವಣೆ ಮಾಡಿದ್ದೀರಿ, ಅದನ್ನೇ ಮುಂದುವರಿಸಿ ಅಂದರು ಡಾಕ್ಟರು.

ಬಂದದ್ದು ಬಂದೆವು ಅಂತ ಇವರದ್ದೂ ನೋಡಿಸಿದರು. ಹೆಚ್ಚಾಗಿದೆ.

ಏಪ್ರಿಲ್ 9, ಬುಧವಾರ

ಬರೆಯಲಿಕ್ಕೆ ಮನಸ್ಸಿರಲಿಲ್ಲ. ಇವತ್ತು ಬರೆಯದೆ ಆಗುವುದಿಲ್ಲ.

ಬಟನ್ ಇಲಾಖೆಗೆ ಕೊಟ್ಟು ಎರಡು ವಾರ ಆಯಿತು. ಸಿಕ್ಕಿದ ಜಾಗ ಯಾವುದು ಅಂತ ಫಾರಂ ಕೊಟ್ಟಿದ್ದರಂತೆ. ಇವರು ತುಂಬಿಸಿದ್ದಾರೆ: ಬಾವಿಯಿಂದ ಮೂರು ಹೆಜ್ಜೆ, ನಿಂಬೆಗಿಡದ ಬುಡ, ಎರಡು ಅಡಿ ಕೆಳಗೆ. ಎರಡು ಅಡಿ! ಈಗ ಇಲಾಖೆಯವರು ಹದಿನೇಳಕ್ಕೆ ಬಂದು ಅದೇ ಜಾಗ ಅಗೆಯುತ್ತಾರೆ. ಅಷ್ಟು ಆಳಕ್ಕೆ ಹೋಗಬೇಕಾದರೆ ನಡುವಿನ ನಿಂಬೆಗಿಡ ತೆಗೆಯಲೇ ಬೇಕಂತೆ.

ಖಲ್ಫಾನ್ ಸಾಹೇಬರು ಫೋನ್ ಮಾಡಿದರು. ಸ್ಪೀಕರಿನಲ್ಲಿತ್ತು. ತಾನು ಹುಟ್ಟಿದ ವರ್ಷ ಅಪ್ಪ ನೆಟ್ಟ ಗಿಡ ಅದು ಅಂದರು. ಆಮೇಲೆ ಅವರೇ, ಪರವಾಗಿಲ್ಲ ಸ್ಟ್ಯಾನ್ಲಿ, ನೀನು ಅಲ್ಲಿ ಅಂದರೆ ಅಲ್ಲಿಯೇ, ಇಷ್ಟು ವರ್ಷದಲ್ಲಿ ನೀನು ಸುಳ್ಳು ಹೇಳಿದವನಲ್ಲ ಅಂದರು.

ಇವರು ಫೋನ್ ಕೆಳಗಿಟ್ಟು ನನ್ನ ಮುಖ ನೋಡಿದರು. ಬಂಗುಡೆ ಸಾರು ಮುಟ್ಟಲಿಲ್ಲ. ಬಂಗುಡೆಯನ್ನು ಇವರು ಬಿಟ್ಟದ್ದು ಇದೇ ಮೊದಲು.

ಏಪ್ರಿಲ್ 11, ಶುಕ್ರವಾರ

ಪಾಪನಿವೇದನೆಗೆ ಹೋದೆ. ಫಾದರ್, ಗಂಡ ಒಂದು ಸುಳ್ಳು ಹೇಳಿದ್ದಾರೆ ಅಂತ ಶುರು ಮಾಡಿದೆ. ನಿಮ್ಮ ಪಾಪ ಹೇಳಿ ಅಂದರು. ನನ್ನದು ಏನಿಲ್ಲ ಫಾದರ್, ನಾನು ಬಾಯಿ ಮುಚ್ಚಿ ಕೂತಿದ್ದೇನೆ ಅಂದೆ. ಹೇಳಿದ ಮೇಲೆ ನನಗೇ ಕೇಳಿಸಿತು.

ಎಲ್ಲ ಬಿಡಿಸಿ ಹೇಳಿದೆ. ಹೊರಗೆ ಸಾಲು ಉದ್ದ ಆಗಿ ಒಬ್ಬರು ಕೆಮ್ಮಿದರು. ‘ಆ ಗಿಡ ಹೋದರೆ ನಿಮ್ಮ ಹರಕೆ ಯಾರಿಗೆ ಸಂದ ಹಾಗಾಯಿತು?’ ಅಂತ ಕೇಳಿದರು ಫಾದರ್. ಪ್ರಾಯಶ್ಚಿತ್ತಕ್ಕೆ ಐದು ನಮೋ ಮರಿಯಾ ಜಪ ಕೊಟ್ಟು ಕಳಿಸಿದರು. ಅಷ್ಟರಲ್ಲಿ ಬಗೆಹರಿಯುವುದಾದರೆ ಐವತ್ತು ಹೇಳುತ್ತಿದ್ದೆ.

ಸಂತ ಅಂತೋಣಿಯವರಿಗೂ ಏನಂತ ಕೇಳಲಿ? ಅವರು ಇರುವುದೇ ಹುಡುಕಿ ಕೊಡಲಿಕ್ಕೆ. ಸಿಕ್ಕಿದ್ದನ್ನು ಪುನಃ ಕಳೆದು ಕೊಡಿ ಅಂತ ಬೇಡಲಿಕ್ಕೆ ಬೇರೆ ಸಂತರು ಇದ್ದಾರೋ ಇಲ್ಲವೋ.

ಏಪ್ರಿಲ್ 13, ಭಾನುವಾರ

ಬೆಳಗ್ಗಿನ ನಿದ್ದೆಯಲ್ಲಿ ಇವರು ‘ನಿಂಬೆ’ ಅಂದರು. ಎರಡು ಸಲ.

ಏಪ್ರಿಲ್ 17, ಪವಿತ್ರ ಗುರುವಾರ. ಮಧ್ಯಾಹ್ನ 3

ಚಪ್ಪಲಿ ಸಹ ಬಿಚ್ಚದೆ ಬರೆಯಲಿಕ್ಕೆ ಕೂತೆ.

ಇವರು ರಜೆ ಹಾಕಿದ್ದರು. ಒಂಬತ್ತಕ್ಕೆ ತೋಟ. ಇಲಾಖೆಯಿಂದ ಒಬ್ಬಳು ಹುಡುಗಿ ಆಫೀಸರ್, ಟೇಪು, ದಾರ, ಫೈಲು. ಜೊತೆಗೆ ಇಬ್ಬರು ಕೆಲಸದವರು. ಆಸ್ವಾಲ್ಡ್ ಬಾಬ್ ಇಸ್ತ್ರಿ ಹಾಕಿದ ಶರಟಿನಲ್ಲಿ. ಖಲ್ಫಾನ್ ಸಾಹೇಬರು ನಡುವಿನ ಗಿಡದ ಹತ್ತಿರ ನಿಂತು ಅದರ ನಾಲ್ಕು ಎಲೆ ಕಿವುಚಿ ಮೂಸಿ ನೋಡುತ್ತಿದ್ದರು. ಆಮೇಲೆ ಪಕ್ಕಕ್ಕೆ ಸರಿದು, ಯಲ್ಲಾ, ಶುರು ಮಾಡಿ ಅಂದರು. ಬೇರೆ ಕಡೆ ಮುಖ ತಿರುಗಿಸಿದರು.

ಕೆಲಸದವನು ಪಿಕ್ಕಾಸು ಎತ್ತಿದ. ನಾನು ನಿರ್ಧಾರ ಮಾಡಿ ಆಗಿತ್ತು. ಹರಕೆ ಮುರಿದರೆ ದೇವರ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ, ಈ ಗಿಡ ಮತ್ತೆ ಹುಟ್ಟುವುದಿಲ್ಲ. ಬಾಯಿ ತೆರೆದೆ.

‘ನಿಲ್ಲಿಸಿ,’ ಅಂದರು. ನಾನಲ್ಲ. ಇವರು.

ಹಿಂದಿಯಲ್ಲಿ ಹೇಳಿದ್ದು, ಎಲ್ಲರಿಗೂ ತಿಳಿಯುವ ಹಾಗೆ. ‘ಅದು ಇಲ್ಲಿ ಸಿಕ್ಕಿದ್ದಲ್ಲ. ನನಗೆ ಸಿಕ್ಕಿದ್ದೂ ಅಲ್ಲ. ಇವಳಿಗೆ ಸಿಕ್ಕಿದ್ದು, ಆ ಗೋಡೆ ಬದಿ. ನಾನು ಆಗ ಕಾರಿನಲ್ಲಿ ಬಿಸ್ಕಿಟ್ ತಿನ್ನುತ್ತಿದ್ದೆ.’

ಕೆಲಸದವನು ಪಿಕ್ಕಾಸು ಕೆಳಗಿಟ್ಟ. ಬಿಸ್ಕಿಟ್ಟಾ ಅಂತ ಆಸ್ವಾಲ್ಡ್ ಬಾಬ್ ಮೆಲ್ಲ ಕೇಳಿದರು. ಬಿಸ್ಕಿಟ್ ಬಿಟ್ಟ ಸಂಗತಿ ಅವರಿಗೆ ಮೂರು ಸಲ ಹೇಳಿ ಆಗಿತ್ತು. ಖಲ್ಫಾನ್ ಸಾಹೇಬರು ಮನಸ್ಸಿನಲ್ಲೇ ತಾರೀಕು ಲೆಕ್ಕ ಹಾಕಿದ್ದು ಕಾಣುತ್ತಿತ್ತು. ‘ರಂಜಾನಿನಲ್ಲಿ. ನನ್ನ ತೋಟದಲ್ಲಿ.’

ಇವರು ತಲೆ ತಗ್ಗಿಸಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸುವ ಜಾತಿಯವರಲ್ಲ. ನನ್ನ ಕಡೆ ಕೈ ತೋರಿಸಿ, ‘ಇಪ್ಪತ್ತಾರು ವರ್ಷದಿಂದ ನಾನು ಒಂದಕ್ಕೆ ಎರಡು ಹೇಳಿದರೆ ಇವಳು ಅಲ್ಲೇ ಹಿಡಿಯುತ್ತಿದ್ದಳು. ಈ ಸಲ ಹಿಡಿಯಲಿಲ್ಲ. ಅದು ಬೆಳೆಯುತ್ತಾ ಹೋಯಿತು. ನಾನೆಂತ ಮಾಡಲಿ?’ ಅಂದರು.

ಅಂದರೆ ತಪ್ಪು ನನ್ನದು! ಬಾಯಿ ತೆರೆದೇ ಇತ್ತು. ಮುಚ್ಚಿದೆ. ಇನ್ನು ಮೂರು ದಿನ.

ಮೊದಲು ನಕ್ಕದ್ದು ಖಲ್ಫಾನ್ ಸಾಹೇಬರು. ನಾಲ್ಕು ಬಿಸ್ಕಿಟ್ಟಿಗೆ ನನ್ನ ಅಪ್ಪನ ಗಿಡ ಕಡಿಸುತ್ತಿದ್ದಿಯಲ್ಲ ಅಂತ ಇವರ ಕುತ್ತಿಗೆ ಹಿಡಿದು ಅಲ್ಲಾಡಿಸಿದರು. ಖಲಾಸ್, ಇಲ್ಲಿಗೆ ಮುಗಿಯಿತು ಅಂದರು. ಆದರೆ ಕಣ್ಣು ಒರೆಸಿಕೊಂಡದ್ದು ನಾನು ನೋಡಿದೆ. ಅದು ನಗುವಿನದ್ದು ಮಾತ್ರ ಅಲ್ಲ.

ಆಫೀಸರ್ ಹುಡುಗಿ ಮಾತ್ರ ನಗಲಿಲ್ಲ. ಫಾರಂ ಹರಿದು ಹೊಸದು ತೆಗೆದಳು. ಸಿಕ್ಕಿದವರ ಹೆಸರು ಅಂತ ಇದ್ದಲ್ಲಿ ನನ್ನ ಹೆಸರು ಬರೆದಳು. ಎಷ್ಟು ಆಳ ಅಂತ ಕೇಳಿದಳು. ನಾಲ್ಕು ಬೆರಳು ತೋರಿಸಿದೆ. ಶಬ್ದದಲ್ಲೇ ಗೊತ್ತಾಯಿತಾ ಅಂದಳು. ಹೌದು ಅಂತ ತಲೆ ಆಡಿಸಿದೆ, ಅದನ್ನೂ ಬರೆದುಕೊಂಡಳು. ಗೋಡೆ ಬದಿ ದಾರ ಕಟ್ಟಿದರು. ಹನ್ನೊಂದಕ್ಕೆ ಬೆಲ್ಟಿನ ಒಂದು ಬಕಲ್ ಸಿಕ್ಕಿತು.

ಏಪ್ರಿಲ್ 18, ಶುಭ ಶುಕ್ರವಾರ

ಉಪವಾಸ. ಇವರೂ. ಪ್ಯಾಂಟಿನ ಜೇಬು ತಾವೇ ಹೊರಗೆ ಎಳೆದು ತೋರಿಸಿದರು.

ಏಪ್ರಿಲ್ 20, ಈಸ್ಟರ್. ಬೆಳಿಗ್ಗೆ 6

ಮುಗಿಯಿತು. ಹರಕೆಯ ಸಂಗತಿ ಈಗ ಚಾ ಕುಡಿಯುವಾಗ ಹೇಳಿದೆ. ಇವರು ಲೋಟ ಕೆಳಗಿಟ್ಟರು. ‘ಹಾಗಾದರೆ ನಿನಗೆ ಕಾಯಿಲೆ ಇರಲಿಲ್ಲ,’ ಅಂದರು. ಇಲ್ಲ ಅಂದೆ. ‘ಇನ್ನು ಬಯ್ಯುತ್ತೀಯಾ?’ ಬಯ್ಯುತ್ತೇನೆ ಅಂದೆ. ಎಂಥಾ ನೆಮ್ಮದಿ ಆ ಮುಖದಲ್ಲಿ. ಸಾರಿಗೆ ಉಪ್ಪು ಹೆಚ್ಚಾಗಿರಲಿಲ್ಲ ಅಂತ ಅಲ್ಲೇ ಶುರು ಮಾಡಿದೆ.

ಆಮೇಲೆ ಈ ಪುಸ್ತಕದಲ್ಲಿ ಎಂತ ಉಂಟು ಅಂತ ಕೇಳಿದರು. ನೀವು ಅಂದೆ. ಓದಿ ಹೇಳು ಅಂತ ಪಟ್ಟು ಹಿಡಿದಿದ್ದಾರೆ. ಇನ್ನೊಂದು ಚಾ ತಾವೇ ಮಾಡಿ ತಂದು ಎದುರು ಕೂತಿದ್ದಾರೆ. ಸಕ್ಕರೆ ಹಾಕಲಿಲ್ಲ. ಹೇಳುತ್ತೇನೆ, ಹೇಳುತ್ತೇನೆ.

ಓದುವ ಮೊದಲು ಮಾರ್ಚ್ ಹದಿನಾಲ್ಕರದ್ದನ್ನು ಒಮ್ಮೆ ನೋಡಿಕೊಂಡೆ. ಅಲ್ಲಿ ಒಂದು ತಿದ್ದಬೇಕು. ಸರಕಾರದ ಫಾರಂನಲ್ಲೂ ಅದೇ ಹೋಗಿದೆ, ದೇವರು ಕ್ಷಮಿಸಲಿ. ಶಬ್ದ ಕೇಳಿದ ಕೂಡಲೇ ಗೊತ್ತಾಯಿತು ಅಂತ ಬರೆದಿದ್ದೇನೆ... ಸತ್ಯ ಹೇಳಬೇಕೆಂದರೆ ಆಗ ನಾನೂ ಅದನ್ನು ಪೆಪ್ಸಿ ಮುಚ್ಚಳ ಅಂತಲೇ—