ನಿಂತರೆ ಕುದಿಯುವ ಕಾರು

ಸೆಪ್ಟೆಂಬರ್ 14, ಭಾನುವಾರ ಸಂಜೆ

ಮತ್ತೆ ಅದೇ ಗೋಳು. ಓಡುವಾಗ ಟೆಂಪರೇಚರ್ ಮುಳ್ಳು ಅರ್ಧದಲ್ಲೇ ಇರುತ್ತದೆ. ಎಂಜಿನ್ ಆಫ್ ಮಾಡದೆ ಗೇಟಿನ ಮುಂದೆ ನಿಲ್ಲಿಸಿದರೆ ಸಾಕು, ಏರತೊಡಗುತ್ತದೆ. ಇವತ್ತು ಕೆಂಪು ಗೆರೆ ಮುಟ್ಟಿದ ಮೇಲೆ ಆಫ್ ಮಾಡಿದೆ. ನನ್ನ ಅಣ್ಣ ಹನುಮೇಶ ಬಾನೆಟ್ ಎತ್ತಿ ಬಗ್ಗಿ ನೋಡಿದ. ಇಷ್ಟು ವರ್ಷ ಲಾರಿ ಗ್ಯಾರೇಜಿನಲ್ಲಿ ದುಡಿದವನಿಗೆ ಈ ಪುಟ್ಟ ಕಾರು ಬಗ್ಗುತ್ತಿಲ್ಲ ಅಂತ ಸಿಟ್ಟು.

ಅಪ್ಪನ ಹಳೆಯ ಕಾರಿಗೆ ಆಟೋಮ್ಯಾಟಿಕ್ ಗೇರಿನ ಹೊಸ ಎಂಜಿನ್ ಕೂರಿಸಿದವನು ಅವನೇ. ಬ್ರೇಕು, ಆಕ್ಸಿಲರೇಟರು ಎರಡಕ್ಕೂ ಒಂದೇ ಲಿವರ್, ಕೈಯಲ್ಲೇ. ಎಲ್ಲ ನನಗಾಗಿ. ಅಪಘಾತ ಆದಾಗಿನಿಂದ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ.

ಅಕ್ಟೋಬರ್ ಆರಕ್ಕೆ ಕೆಂಗೇರಿಯ ಲ್ಯಾಬಿನಲ್ಲಿ ಜಾಯಿನಿಂಗ್. ಆಟೋದವರು ವೀಲ್‌ಚೇರ್ ನೋಡಿದ ಕೂಡಲೇ ಹೊರಟೇಬಿಡುತ್ತಾರೆ. ಒಬ್ಬಳೇ ಹೋಗಿ ಬರಬೇಕು. ಬರಲೇಬೇಕು.

ಸೆಪ್ಟೆಂಬರ್ 20

ಥರ್ಮೋಸ್ಟಾಟ್ ಹೊಸದು. ರೇಡಿಯೇಟರ್ ಬಿಚ್ಚಿ ತೊಳೆಸಿದ್ದಾಯಿತು. ವಾಟರ್ ಪಂಪ್ ಸರಿ ಇದೆಯಂತೆ. ಫ್ಯಾನೂ ತಿರುಗುತ್ತಿದೆ, ಸದ್ದು ಬೀದಿಗೆಲ್ಲ ಕೇಳುತ್ತದೆ. ಮತ್ತೆ ಯಾಕೆ?

ನಾಳೆ ನಾಯಂಡಹಳ್ಳಿ ತನಕ ನಾನೇ ಓಡಿಸುತ್ತೇನೆ. ಅಣ್ಣ ಬೈಕಿನಲ್ಲಿ ಹಿಂದೆ.

ಸೆಪ್ಟೆಂಬರ್ 21

ನಾಯಂಡಹಳ್ಳಿ ಸಿಗ್ನಲ್. ಮುಂದೆ ಬಸ್ಸು, ಪಕ್ಕದಲ್ಲಿ ಬಸ್ಸು. ಮುಳ್ಳು ಏರಿತು... ಬಾನೆಟ್ ಸಂದಿಯಿಂದ ಬಿಳಿ ಹೊಗೆ. ಯಾರೋ ಬಾಗಿಲು ಬಡಿದು, "ಮೇಡಂ, ಬೇಗ ಇಳೀರಿ! ಬೆಂಕಿ ಹತ್ಕೊಳ್ತದೆ!" ಅಂದರು.

ಇಳಿಯುವುದು ಹೇಗೆ? ಪಕ್ಕದ ಸೀಟಿನಿಂದ ವೀಲ್‌ಚೇರ್ ಎಳೆದು, ಬಿಡಿಸಿ, ಅದಕ್ಕೆ ಜಾರಿಕೊಳ್ಳಬೇಕು. ಬಾಗಿಲು ತೆರೆಯುವುದಕ್ಕೇ ಜಾಗ ಇರಲಿಲ್ಲ. ಕೀ ತಿರುಗಿಸಿ ಆಫ್ ಮಾಡಿ ಕೂತೆ. ಬೆಂಕಿ ಅಲ್ಲ, ಬರೀ ಆವಿ. ಆದರೆ ಆ ಹೊತ್ತಿನಲ್ಲಿ ನನಗೆ ಅದು ಗೊತ್ತಿರಲಿಲ್ಲ. ಇಷ್ಟು ಹೆದರಿದ್ದು ನೆನಪಿಲ್ಲ.

ಅಣ್ಣ ಬಸ್ಸುಗಳ ಸಂದಿಯಲ್ಲಿ ನುಗ್ಗಿ ಬಂದ. ಕಿಟಕಿಯಿಂದ ಕೈ ಹಾಕಿ ಮೊದಲು ಕಿತ್ತುಕೊಂಡದ್ದು ಕೀ.

ಸೆಪ್ಟೆಂಬರ್ 28

ಕೀ ಇನ್ನೂ ಅವನ ಜೇಬಿನಲ್ಲೇ. ಇವತ್ತು ಊಟಕ್ಕೆ ಕೂತಾಗ ಕೊಡು ಅಂತ ನಾನೇ ಕೇಳಿದೆ.

"ಅಕಸ್ಮಾತ್ ಏನಾರ ಆದ್ರ ನೀ ಹೆಂಗ ಇಳೀತಿ, ಶಿಲ್ಪಾ? ಹೇಳು."

"ಕುದೀಲಾರದಂಗ ಮಾಡು."

"ಮಾಡಾಕತ್ತೀನಲ್ಲ! ಆಯುಧಪೂಜಿ ಒಳಗ ಸರಿ ಆಗ್ಲಿಲ್ಲಂದ್ರ ಗಾಡಿ ಮಾರಿಬಿಡೋಣು. ಕೆಲ್ಸಾನೂ ಬ್ಯಾಡ. ನಾ ಇಲ್ಲೇನು?"

ಅವನಿದ್ದಾನೆ. ಅದೇ ಕಷ್ಟ. ಅವನು ಮನೆಗೆ ಬರುವ ತನಕ ನಾನು ಬಾಗಿಲು ದಾಟುವಂತಿಲ್ಲ.

ಅಕ್ಟೋಬರ್ 1, ಆಯುಧಪೂಜೆ



ಬೆಳಿಗ್ಗೆ ಕಾರು ತೊಳೆದು, ಬಾಳೆಕಂದು ಕಟ್ಟಿ, ಗ್ರಿಲ್ಲಿಗೆ ಚೆಂಡುಹೂವಿನ ಹಾರ ಹಾಕಿದ್ದಾಯಿತು. ಕೊನೆಯ ಸಲ ಅಂತ ಅಣ್ಣ ಎಂಜಿನ್ ಸ್ಟಾರ್ಟ್ ಮಾಡಿ ಬಿಟ್ಟಿದ್ದ. ನಾನು ಸ್ಟಿಯರಿಂಗ್ ಹಿಂದೆ ಕೂತು ಮುಳ್ಳನ್ನೇ ನೋಡುತ್ತಿದ್ದೆ. ಫ್ಯಾನ್ ಶುರುವಾಯಿತು. ಮುಳ್ಳು ಇಳಿಯಲಿಲ್ಲ.

ಮನೆ ಓನರ್ ಚಿಕ್ಕಲಕ್ಷ್ಮಮ್ಮ ಆಂಟಿ ಊದುಬತ್ತಿ ಹಿಡಿದು ಗ್ರಿಲ್ಲಿನ ಮುಂದೆ ನಿಂತರು. ಕೆಮ್ಮು ಬಂತು.

"ಏನಮ್ಮಾ ಇದು, ಹೊಗೆಯೆಲ್ಲಾ ನನ್ ಮುಖಕ್ಕೇ ಹೊಡೀತೈತೆ!"

ಬಾಳೆ ಎಲೆ ಅಲುಗುತ್ತಿರಲಿಲ್ಲ. ಗಾಳಿಯೇ ಇಲ್ಲ. ಆದರೆ ಹಾರ ಮಾತ್ರ ಗ್ರಿಲ್ ಬಿಟ್ಟು ಆಂಟಿ ಕಡೆ ಎದ್ದು ಕುಣಿಯುತ್ತಿತ್ತು. ಫ್ಯಾನ್ ಗಾಳಿಯನ್ನು ಒಳಗೆ ಎಳೆಯಬೇಕಲ್ಲವೇ? ಹೊರಗೆ ತಳ್ಳುತ್ತಿದೆ!

"ಅಣ್ಣಾ, ಹಾರ ನೋಡು!"

ನೋಡಿದ. ಬಗ್ಗಿ ಗ್ರಿಲ್ಲಿನ ಮುಂದೆ ಅಂಗೈ ಹಿಡಿದ. ಹೊಸ ಎಂಜಿನ್ ಉದ್ದ, ಹಿಂದೆ ಜಾಗ ಸಾಲದೆ ಫ್ಯಾನನ್ನು ರೇಡಿಯೇಟರಿನ ಮುಂದಕ್ಕೆ ತಿರುಗಿಸಿ ಕೂರಿಸಿದ್ದ. ವೈರ್ ಮಾತ್ರ ಮೊದಲಿದ್ದಂತೆಯೇ, ಹಾಗಾಗಿ ಗಾಳಿ ಉಲ್ಟಾ. ಗಾಡಿ ಓಡುವಾಗ ಎದುರುಗಾಳಿ ಗೆಲ್ಲುತ್ತಿತ್ತು. ನಿಂತಾಗ ನಮ್ಮ ಫ್ಯಾನೇ ನಮ್ಮ ಶತ್ರು.

"ಲಾರ್‍ಯಾಗ ಫ್ಯಾನು ಬೆಲ್ಟಿಗೆ ತಿರುಗ್ತೈತಿ," ಅಂದ, ತಲೆ ಎತ್ತದೆ. "ಉಲ್ಟಾ ಅನ್ನೋದ ಇಲ್ಲ. ಹೊಳೀಲೇ ಇಲ್ಲ ನನಗ."

ಎರಡು ವೈರ್ ಅದಲು ಬದಲು ಮಾಡಿದ, ಫ್ಯಾನ್ ಇನ್ನೊಂದು ದಿಕ್ಕಿಗೆ ತಿರುಗಿತು. ಹಾರ ಗ್ರಿಲ್ಲಿಗೆ ಅಂಟಿ ಕೂತಿತು. ಅದನ್ನು ತೆಗೆದಿಟ್ಟು ಕಾದೆವು. ಮುಳ್ಳು ಇಳಿಯಿತು. ಆಂಟಿ ಚಕ್ರದಡಿ ನಿಂಬೆಹಣ್ಣು ಇಟ್ಟರು. ಲಿವರ್ ಒತ್ತಿದವಳು ನಾನು.

ಅಕ್ಟೋಬರ್ 4

ಮೂರು ದಿನದಿಂದ ಸಂಜೆ ಗೇಟಿನ ಮುಂದೆ ಬರೀ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದೇವೆ. ಅರ್ಧ ದಾಟಿಲ್ಲ. ಅಣ್ಣ ಕೀ ಕೊಟ್ಟ. "ಹಿಂದ ಬರೂದಿಲ್ಲ," ಅಂತಲೂ ಮಾತು ಕೊಟ್ಟ.

ಅಕ್ಟೋಬರ್ 6, ಬೆಳಿಗ್ಗೆ

ನಾಯಂಡಹಳ್ಳಿ. ಜಾಮ್. ಮುಂದೆ ಬಸ್ಸು, ಪಕ್ಕದಲ್ಲಿ ಬಸ್ಸು. ಅದೇ ಜಾಗ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ. ಸುಮ್ಮನೆ ಕೂತರೆ ಭಯವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮುಳ್ಳು ಅರ್ಧ. ಫ್ಯಾನ್ ಬಂತು. ಅರ್ಧ.

ಕನ್ನಡಿಯಲ್ಲಿ ಅಣ್ಣನ ಕೆಂಪು ಹೆಲ್ಮೆಟ್. ಸುಳ್ಳುಗಾರ!

ಪಕ್ಕಕ್ಕೆ ಬಂದ. ನನ್ನ ಮುಖ ನೋಡಲಿಲ್ಲ, ಬಗ್ಗಿ ಮುಳ್ಳನ್ನು ನೋಡಿದ. ಎಷ್ಟು ಹೊತ್ತು ನೋಡಿದನೋ. "ನಡಿ ಹಂಗಾರ," ಅಂದ. ಕಣ್ಣು ಒದ್ದೆಯಾಗಿತ್ತು. ಬೈಕ್ ತಿರುಗಿಸಿಕೊಂಡು ಹೋದ.

ಈಗ ಕನ್ನಡಿಯಲ್ಲಿ ಯಾರೂ ಇಲ್ಲ. ನಾನೊಬ್ಬಳೇ. ಮುಳ್ಳು ಅರ್ಧ... ಹಸಿರು ಬಂತು, ಇನ್ನು—