ಅಳಿಸಿದ ಅಂಕಗಳು

ಸೆರಿಟೋಸ್, ಕ್ಯಾಲಿಫೋರ್ನಿಯಾ
ಭಾನುವಾರ, ೧೭ ನವೆಂಬರ್ ೨೦೨೪

ಮುದ್ದಿನ ಹರಿಣಿಗೆ,

ಫೋನಿನಲ್ಲಿ ಹೇಳಿದರೆ ನೀನು "ಪರವಾಗಿಲ್ಲ ಆಂಟಿ" ಅಂದುಬಿಡುತ್ತೀಯ. ಅದಕ್ಕೇ ಈ ಕಾಗದ. ನನ್ನ ಭಾನುವಾರದ ಕನ್ನಡ ತರಗತಿಯಲ್ಲೇ ಅಕ್ಷರ ಕಲಿತವಳು ನೀನು, ನಿಧಾನವಾಗಿ ಓದಿಕೋ.

ಲಾ ಹೋಯಾದ ವಿಶ್ವವಿದ್ಯಾಲಯದ ನಿನ್ನ ಸಂಶೋಧನೆಗೆ ನನ್ನನ್ನೂ ಡೈಮಂಡ್ ಬಾರ್ ಊರಿನ ವೆಂಕಟಾಚಲ ಅಂಕಲ್‌ರನ್ನೂ ಆರಿಸಿಕೊಂಡಾಗ ಎಷ್ಟು ಬೀಗಿದ್ದೆ! ಅಧ್ಯಕ್ಷರ ಚುನಾವಣೆಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ಎಂಬತ್ತು ವರದಿಗಳನ್ನು ಓದಿ, ಐದಕ್ಕೆ ಇಷ್ಟು ಅಂತ ಅಂಕ ಹಾಕಬೇಕಿತ್ತು. ಗೆದ್ದವರು ಏನು ಮಾಡುತ್ತಾರೆಂದು ವರದಿ ತಿಳಿಸುತ್ತದೋ, ಇಲ್ಲ ಯಾರು ಮುಂದಿದ್ದಾರೆ ಅನ್ನುವ ಗದ್ದಲ ಮಾತ್ರವೋ? ಯಾರನ್ನಾದರೂ ಮೆಚ್ಚಿಸಲು ಬರೆದದ್ದೋ? ಮೈಸೂರಿನಲ್ಲಿ ಹನ್ನೆರಡು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಇದೇನು ಮಹಾ ಅಂದುಕೊಂಡೆ. ನಿನ್ನ ಷರತ್ತು ಒಂದೇ: ಇಬ್ಬರೂ ಬೇರೆ ಬೇರೆ ಓದಬೇಕು, ಮಾತಾಡಿಕೊಳ್ಳಬಾರದು. ಹಾಗೆ ಓದಿಯೂ ಅಂಕ ಹೊಂದಿದರೆ ಮಾತ್ರ ಅಳತೆಯನ್ನು ನಂಬಬಹುದು ಅಂದಿದ್ದೆ.

ನಾವು ಮಾತಾಡಿಕೊಂಡೆವು. ದಿನಾ ಕಾಫಿ ಹೊತ್ತಿಗೆ ಅಂಕಲ್ ಫೋನ್ ಮಾಡುತ್ತಿದ್ದರು. "ಹನ್ನೆರಡನೇದಕ್ಕೆ ನಾಲ್ಕು ಕೊಟ್ಟೆ ಕಣಮ್ಮ, ನೀನು?" ನಾನು ಎರಡು ಕೊಟ್ಟಿದ್ದೆ. ಎಪ್ಪತ್ತೆಂಟರ ಹಿರಿಯರು, ನಾವು ಈ ದೇಶಕ್ಕೆ ಬಂದಿಳಿದಾಗ ಮನೆ ಹುಡುಕಿಕೊಟ್ಟವರು. ಅವರಿಗೆ ಎರಡು ಅನ್ನಲು ನಾಲಿಗೆ ಏಳಲಿಲ್ಲ. ನಾನೂ ನಾಲ್ಕೇ ಅಂದು, ಫೋನಿಟ್ಟು, ರಬ್ಬರ್ ಹುಡುಕಿದೆ. ಆಮೇಲೆ ಅದೇ ರೂಢಿಯಾಯಿತು.

ಮಂಗಳವಾರ ನೀನು ಫೋನ್ ಮಾಡಿ, "ಆಂಟಿ, ಪರ್ಫೆಕ್ಟ್ ಮ್ಯಾಚ್" ಅಂದೆ. ಎಂಬತ್ತಕ್ಕೆ ಎಂಬತ್ತೂ ಹೊಂದಿಕೆಯಾಗಿದೆ, ಇಪ್ಪತ್ತೆರಡನೇ ತಾರೀಖು ಶುಕ್ರವಾರ ಪ್ರೊಫೆಸರುಗಳಿಗೆ ಇದನ್ನೇ ಮೊದಲು ತೋರಿಸುತ್ತೇನೆ ಅಂದೆ. ನಿನ್ನ ದನಿಯಲ್ಲಿನ ಸಂತೋಷ ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ನಿನ್ನೆ ಡ್ರೈವ್ ಮಾಡಿಕೊಂಡು ಹೋಗಿ ಅಂಕಲ್‌ಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ನಾನೂ ಅಷ್ಟೇ ಕಣಮ್ಮ. ಟೀಚರ್ ಆಗಿದ್ದೋಳು ನೀನು. ನೀನು ಮೊದಲು ಹೇಳಿದ ದಿನ ನಾನೇ ಅಳಿಸ್ತಿದ್ದೆ" ಅಂದರು. ಯಾರನ್ನೋ ಮೆಚ್ಚಿಸಲು ಬರೆದಿದ್ದಾರೆಂದು ವರದಿಗಾರರಿಗೆ ಒಂದೊಂದೇ ಅಂಕ ಕೊಟ್ಟ ನಾವು ಮಾಡಿದ್ದೂ ಅದನ್ನೇ, ಮಗಳೇ. ನನಗೆ ನಿಜಕ್ಕೂ ನಾಚಿಕೆಯಾಗಿದೆ.

ಕಂಪ್ಯೂಟರಿಗೆ ಹಾಕಿ ನಿನಗೆ ಕಳಿಸಿದ್ದು ತಿದ್ದಿದ ಅಂಕಗಳು. ಪೆನ್ಸಿಲಿನಲ್ಲಿ ಬರೆದ ಹಾಳೆಗಳು ನಮ್ಮ ಬಳಿಯೇ ಉಳಿದಿದ್ದವು. ಕಿಟಕಿಯ ಬೆಳಕಿಗೆ ಹಿಡಿದರೆ ಅಳಿಸಿದ್ದು ಕಾಣುತ್ತದೆ. ಕೂತು ಲೆಕ್ಕ ಹಾಕಿದೆವು: ಮೂವತ್ತೊಂದು ವರದಿಗಳಿಗೆ ನಮ್ಮ ಅಂಕ ಬೇರೆ ಬೇರೆ. ಹನ್ನೆರಡನೆಯದು ಸ್ಯಾನ್ ಡಿಯಾಗೋದ ಒಂದು ಪ್ರಚಾರ ಸಭೆಯ ವರದಿ. ಎಷ್ಟು ಜನ ಸೇರಿದ್ದರೆಂದು ಮೂರು ಕಡೆ ಬರೆದಿದ್ದಾರೆ, ಗೆದ್ದರೆ ಜನರ ಆಸ್ಪತ್ರೆ ಖರ್ಚಿಗೆ ಏನು ಮಾಡುತ್ತಾರೆಂದು ಒಂದು ಸಾಲೂ ಇಲ್ಲ ಅಂದೆ. ಓದಿಸಿಕೊಂಡು ಹೋಗುತ್ತದಲ್ಲ ಅಂದರು ಅಂಕಲ್. ಇಬ್ಬರೂ ಪಟ್ಟು ಬಿಡಲಿಲ್ಲ, ಕಾಫಿ ಆರಿ ಹೋಯಿತು. ಹೊರಡುವಾಗ, "ಮುಂದಿನ ಶನಿವಾರನೂ ಬಾ, ಇನ್ನೂ ಮೂವತ್ತು ಬಾಕಿ ಇದೆ" ಅಂದರು. ಇಪ್ಪತ್ತಾರು ವರ್ಷದಿಂದ ಆ ಮನೆಗೆ ಹೋಗುತ್ತಿದ್ದೇನೆ, ಅವರ ಮಾತಿಗೆ ಅಲ್ಲ ಅಂದದ್ದು ನಿನ್ನೆಯೇ ಮೊದಲು.

ಹಾಳೆಗಳೆಲ್ಲ ಈ ಲಕೋಟೆಯಲ್ಲಿವೆ. ಶುಕ್ರವಾರ ಆ ಹೊಂದಿಕೆಯನ್ನು ತೋರಿಸಬೇಡ. ನಮ್ಮಿಂದ ನಿನ್ನ ಪ್ರಬಂಧ ಆರು ತಿಂಗಳು ತಡವಾದರೆ ನಿನ್ನ ಅಮ್ಮ ಮಂಜುಶ್ರೀಗೆ ನಾನೇ ಹೇಳುತ್ತೇನೆ. ನಮ್ಮ ಕೆಲಸಕ್ಕೆ ನೀನೂ ಐದಕ್ಕೆ ಒಂದು ಅಂಕ ಹಾಕಿ ಕಳಿಸು. ಸೊನ್ನೆಯಾದರೂ ಸರಿ, ನನ್ನ ಮುಖ ನೋಡಿ ಮಾತ್ರ ಹಾಕಬೇಡ.

ನಿನ್ನ ಕೆಲಸ ಗಟ್ಟಿಯಾಗಿ ನಿಲ್ಲಲಿ, ನೀನು ತಣ್ಣಗಿರು ಎಂದು ಹರಸುವ,
ನಿನ್ನ ಶಾಮಲಾ ಆಂಟಿ